ಮಾಮಾ "ಆತು!" ಅಂದ ಮೇಲೆ

ನಮ್ಮ ಸೋದರಮಾವ ಸುಳ್ಳುಗಾರ ಎಂದು ನಾನು ಇದುವರೆಗೆ ಅಚ್ಚು ಹಾಕಿಸಿಲ್ಲ. ಅದಕ್ಕೆ ಸಂಬಂಧದ ದಾಕ್ಷಿಣ್ಯ ಕಾರಣವಲ್ಲ. ಸಾಕ್ಷಿ ಸಾಲದೆ ಹೋಯಿತು, ಅಷ್ಟೆ. ಹುಬ್ಬಳ್ಳಿಯ ಪತ್ರಿಕೆಯೊಂದರಲ್ಲಿ ಸುದ್ದಿ ತಿದ್ದುವುದು ನನ್ನ ಕೆಲಸವಾಗಿತ್ತು. ಕಣ್ಣಾರೆ ಕಂಡವರು ಹೇಳದ ಸಂಗತಿ ನಮ್ಮ ಮೇಜು ದಾಟುತ್ತಿರಲಿಲ್ಲ. ಮಾಮಾನ ವಿಷಯದಲ್ಲಿ ತೊಂದರೆ ಅದೇ! ಕಂಡವರು ಊರ ತುಂಬ ಇದ್ದರು. ಕಂಡದ್ದೇನು ಎಂದು ಕೇಳಿದರೆ ಒಬ್ಬರಿಗೂ ಗೊತ್ತಿರಲಿಲ್ಲ.

ಆಗ ನನಗೆ ಇನ್ನೊಂದು ಸಂಶಯವೂ ಇತ್ತು. ಅದು ನನ್ನ ಎರಡು ವರ್ಷದ ಮಗಳ ಬಗ್ಗೆ. ನಾನು ಯಾರೆಂಬುದು ಆ ಹುಡುಗಿಗೆ ಗೊತ್ತಿದೆಯೋ ಇಲ್ಲವೋ? ಪತ್ರಿಕೆಯವನು ಮನೆಗೆ ಬಂದಾಗ ಮಗು ಮಲಗಿರುತ್ತದೆ. ಮಗು ಎದ್ದಾಗ ಅವನು ಮಲಗಿರುತ್ತಾನೆ. ಸಾಲದ್ದಕ್ಕೆ ನಮ್ಮ ಮನೆಯ ರೀತಿ ಬೇರೆ. ಹಿರಿಯರ ಎದುರು ಗಂಡಸು ಅಣ್ಣನ ಮಗುವನ್ನು ಎತ್ತಬಹುದು, ನೆರೆಯವರ ಮಗುವನ್ನು ಎತ್ತಬಹುದು. ತನ್ನದನ್ನು ಎತ್ತಿದರೆ ನಾಚಿಕೆಗೇಡು! ನಮ್ಮ ಅಪ್ಪ ಇಡೀ ದಿನ ಪಡಸಾಲೆಯಲ್ಲೇ ಕೂತಿರುತ್ತಿದ್ದರು. ಹೀಗಾಗಿ ನನ್ನ ಮಗಳು ಅಂಚೆಯವನಿಗೆ ಕೈ ಚಾಚುತ್ತಿದ್ದಳು, ನನ್ನನ್ನು ಕಂಡರೆ ತಾಯಿಯ ಸೆರಗಿನ ಹಿಂದೆ ಸರಿಯುತ್ತಿದ್ದಳು. ಈ ಸಂಶಯವನ್ನು ಯಾರ ಹತ್ತಿರ ವಿಚಾರಿಸುವುದು?

ಇರಲಿ, ಮಾಮಾನ ಕಡೆಗೆ ಬರುತ್ತೇನೆ. ದುರ್ಗದಬೈಲಿನ ಹತ್ತಿರ ಅವನ ಫೋಟೋ ಸ್ಟುಡಿಯೋ. ಬೆಳಕಿಗಾಗಿ ಮಾಡಿಗೆ ಗಾಜು, ಗೋಡೆಗೆ ಅರಮನೆಯ ಮೆಟ್ಟಿಲು ಬರೆದ ಪರದೆ, ಮೂರು ಕಾಲಿನ ಮೇಲೆ ಕರಿ ಬಟ್ಟೆ ಹೊದ್ದ ಮರದ ಕ್ಯಾಮರಾ. ಜನ ಅಲ್ಲಿಗೆ ಬರುತ್ತಿದ್ದುದು ಕೋರ್ಟಿಗೆ ಬಂದ ಹಾಗೆ. ಹೊಸ ಕೋಟು, ಬಿಗಿ ರುಮಾಲು, ತೊಡೆಯ ಮೇಲೆ ಅಂಗೈ, ಶಿಕ್ಷೆ ಕೇಳಲು ಸಿದ್ಧವಾದ ಮುಖ! ಮಕ್ಕಳಿಗಂತೂ ಅಲುಗಾಡಿದರೆ ಏಟು ಎಂದು ಮನೆಯಲ್ಲೇ ಹೇಳಿಟ್ಟಿರುತ್ತಿದ್ದರು. ಮಾಮಾ "ಉಸರು ಹಿಡೀರಿ!" ಎನ್ನುತ್ತಿದ್ದ. ಕ್ಯಾಮರಾದ ಕಣ್ಣಿನ ಮುಚ್ಚಳ ತೆಗೆದು, ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ, ಮತ್ತೆ ಹಾಕಿ, "ಆತು!" ಎನ್ನುತ್ತಿದ್ದ. ಎಲ್ಲರೂ ಉಸಿರು ಬಿಡುತ್ತಿದ್ದರು.

ಎಂಟು ದಿನ ಬಿಟ್ಟು ಕೈಗೆ ಬಂದ ಫೋಟೋದಲ್ಲಿ ಆ ಬಿಗಿ ಕುಟುಂಬ ಇರುತ್ತಲೇ ಇರಲಿಲ್ಲ!

ಧಾರವಾಡದ ವಕೀಲರೊಬ್ಬರು ದಪ್ಪ ಕಾಯಿದೆ ಪುಸ್ತಕ ಹಿಡಿದು ಕೂತು ಫೋಟೋ ತೆಗೆಸಿಕೊಂಡು ಹೋಗಿದ್ದರು. ಫೋಟೋದಲ್ಲಿ ಪುಸ್ತಕದ ಮೇಲೆ ರುಮಾಲು ಇತ್ತು. ವಕೀಲರು ಬೋಳುತಲೆ ತುರಿಸಿಕೊಳ್ಳುತ್ತಿದ್ದರು. ಕಿರಿಮಗ ಅವರ ಮೀಸೆಗೆ ಜೋತುಬಿದ್ದಿದ್ದ. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿ ನಗುತ್ತಿದ್ದರು.

"ನಾ ಕೂತದ್ದು ಎಲ್ಲೆ ಅದ ರೀ?" ಎಂದು ವಕೀಲರು ಗುಡುಗಿದರು.

"ಇವ್ರು ನೀವ ಅಲ್ಲೇನ್ರಿ?" ಎಂದ ಮಾಮಾ.

"ನಾನ ಹೌದು. ಆದ್ರ ಇದಕ್ಕ ನಾ ಒಪ್ಪಿಗಿ ಕೊಟ್ಟಿಲ್ಲ!"

"ಮೀಸಿ ಜಗ್ಗಲಿಕ್ಕೆ ಕೊಟ್ಟೀರಲ್ರಿ."

ದಾವೆ ಹಾಕುವುದಾಗಿ ಹೇಳಿ ವಕೀಲರು ಹೊರಟರು. ಆದರೆ ದಾವೆಗೆ ಬೇಕಾದ ಫೋಟೋ ಮನೆಯಲ್ಲಿ ಕಾಣೆಯಾಯಿತು. ಯಾವ ಟ್ರಂಕಿನ ತಳದಲ್ಲಿದೆ ಎಂದು ಅವರ ಹೆಂಡತಿ ಇವತ್ತಿಗೂ ಬಾಯಿ ಬಿಟ್ಟಿಲ್ಲ!

ಶಿರಗುಪ್ಪಿಯಿಂದ ತಾಯಿಯನ್ನು ಕರೆತಂದಿದ್ದ ಗೌಡರಿಗೆ ಆ ಕರಿ ಬಟ್ಟೆಯ ಮೇಲೆಯೇ ಸಂಶಯ. "ಹೆಣ್ಮಕ್ಕಳನ್ನ ನೋಡೂದಿದ್ರ ನೆಟ್ಟಗ ನಿಂತು ನೋಡ್ರಿ. ಮುಸುಕು ಹಾಕ್ಕೊಂಡು ಕದ್ದು ಯಾಕ ನೋಡ್ತೀರಿ?" ಎಂದರು.

"ಬರ್ರಿ, ನೀವ ನೋಡ್ರಿ" ಎಂದು ಮಾಮಾ ಅವರ ತಲೆಯನ್ನೇ ಬಟ್ಟೆಯೊಳಗೆ ತೂರಿಸಿದ. ಕ್ಯಾಮರಾದ ಹಿಂಬದಿಯಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ ಎಂಬುದನ್ನು ಮಾತ್ರ ಹೇಳಲಿಲ್ಲ.

"ಎಲಾ ಇವನ! ನಮ್ಮವ್ವನ್ನ ತಲಿಕೆಳಗ ನಿಂದರಿಸ್ಯಾನಲ್ಲೋ!"

ಗೌಡರು ಹೊರಗೆ ಹಾರಿ, ತಾಯಿಯ ಭುಜ ಮುಟ್ಟಿ ಮುಟ್ಟಿ ನೋಡತೊಡಗಿದರು. ಮುದುಕಿ ಬೊಚ್ಚುಬಾಯಿ ತೆರೆದು, "ಕುರ್ಚಿ ಮ್ಯಾಲ ಕೂತೀನೋ ಹುಚ್ಚಪ್ಪಾ!" ಎಂದು ನಕ್ಕಳು. ಬಂದದ್ದು ಆ ಫೋಟೋನೇ. ಯಾವಾಗ ತೆಗೆದ?

ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ರಜೆಯ ದಿನಗಳಲ್ಲಿ ಸ್ಟುಡಿಯೋದ ಮೂಲೆಯಲ್ಲಿ ಪತ್ರಿಕೆ ಓದುವವನಂತೆ ಕೂತು ಕಾದೆ. ಕೊನೆಗೆ ಹೊಳೆಯಿತು. ಮುಚ್ಚಳ ತಿರುಗಿಸುವಾಗ ಕ್ಯಾಮರಾದಲ್ಲಿ ಚಿತ್ರ ಮೂಡುವ ಗಾಜೇ ಇರುವುದಿಲ್ಲ! "ಆತು!" ಎಂದ ಮೇಲೆ, ಗಾಜನ್ನು ಹೊರಗೆ ತೆಗೆಯುವವನಂತೆ ನಟಿಸಿ ಒಳಗೆ ಹಾಕುತ್ತಾನೆ, ಮುಚ್ಚಳವನ್ನೂ ಸದ್ದಿಲ್ಲದೆ ತೆಗೆದುಬಿಡುತ್ತಾನೆ. ಆಮೇಲೆ ಮಳೆ, ಜೋಳದ ಧಾರಣೆ ಎಂದು ಹರಟುತ್ತ ಪಕ್ಕಕ್ಕೆ ಸರಿಯುತ್ತಾನೆ. ಕ್ಯಾಮರಾದಿಂದ ಬಂದ ಕೊಳವೆಯ ತುದಿಯಲ್ಲಿ ಒಂದು ರಬ್ಬರಿನ ಗುಂಡು; ಹಿಸುಕಿದರೆ ಫೋಟೋ. ಅದು ಅವನ ಬೆನ್ನ ಹಿಂದಿನ ಕೈಯಲ್ಲಿ!

"ಇದು ಮೋಸ ಅಲ್ಲೇನು ಮಾಮಾ?" ಎಂದು ಕೇಳಿದೆ.

"ಉಸರು ಕಟ್ಟಿ ಕೂತವರದು ಏನದು ಮತ್ತ? ಖರೇನs?" ಎಂದ.

ಅಷ್ಟರಲ್ಲಿ ಅಪ್ಪ ನಮ್ಮ ಮನೆಯವರದೊಂದು ಫೋಟೋ ಆಗಬೇಕೆಂದರು. ಸರಿ, ಕಣ್ಣಾರೆ ಕಾಣುವ ಸಂದರ್ಭ ತಾನಾಗಿ ಒದಗಿತು! ಊರೆಲ್ಲ ಮೋಸಹೋದರೂ ನಾನು ಹೋಗಲಾರೆ ಎಂದು ನಿಶ್ಚಯಿಸಿಕೊಂಡೆ.

ಕುರ್ಚಿಗಳ ಮೇಲೆ ಅಪ್ಪ, ಅವ್ವ. ಹಿಂದೆ ನನ್ನ ಹೆಂಡತಿ. ಬದಿಗೆ ನಾನು. ಮಗಳು ಮುಂದೆ ಜಮಖಾನೆಯ ಮೇಲೆ. ಮಾಮಾ ಮುಚ್ಚಳ ತಿರುಗಿಸಿ "ಆತು!" ಎಂದ. ಎಲ್ಲರೂ ಸಡಿಲಾದರು. ನಾನು ಆಗಲಿಲ್ಲ. ಕ್ಯಾಮರಾದ ಮೇಲೆ ನೆಟ್ಟ ಕಣ್ಣನ್ನು ಕೀಳಲಿಲ್ಲ.

"ಗಾಜು ಈಗ ಹಾಕಿದಿ. ನೋಡಿದೆ!" ಎಂದೆ.

"ನೋಡಪ್ಪಾ ನೋಡು. ಅದನ್ನs ನೋಡ್ಕೋತ ನಿಂದ್ರು" ಎಂದ ಮಾಮಾ.

ಎಂಟು ದಿನ ಬಿಟ್ಟು ಅಪ್ಪನ ಜೊತೆ ಫೋಟೋ ತರಲು ಹೋದೆ. ಮಗಳು ಅಪ್ಪನ ತೋಳಿನಲ್ಲಿದ್ದಳು. ಮೊಮ್ಮಗಳನ್ನು ಎತ್ತಲು ಅಜ್ಜನಿಗೆ ಅಡ್ಡಿಯಿಲ್ಲವಲ್ಲ. ಮಾಮಾ ಫೋಟೋವನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದ.

ಫೋಟೋದಲ್ಲಿ ಅಪ್ಪ ಆಕಳಿಸುತ್ತಿದ್ದರು. ಅವ್ವ ಸೊಸೆಯ ಸೆರಗು ಸರಿಮಾಡುತ್ತಿದ್ದಳು. ಕಳ್ಳನನ್ನು ಹಿಡಿದ ಫೌಜದಾರನಂತೆ ಕ್ಯಾಮರಾವನ್ನು ದಿಟ್ಟಿಸುತ್ತಿದ್ದವನು ನಾನೊಬ್ಬನೇ. ನನ್ನ ಮೊಣಕಾಲಿನ ಹತ್ತಿರ ಮಗಳು ನಿಂತಿದ್ದಳು. ಜಮಖಾನೆಯಿಂದ ಯಾವಾಗ ಎದ್ದು ಬಂದಳೋ! ಮುಖ ಪೂರ್ತಿ ಮೇಲೆತ್ತಿ, ಎರಡೂ ಕೈಗಳನ್ನು ನನ್ನ ಕಡೆಗೆ ಚಾಚಿದ್ದಳು. ತಾಯಿಗಲ್ಲ, ಅಜ್ಜನಿಗಲ್ಲ. ನನಗೆ. ನಾನು ಕ್ಯಾಮರಾ ನೋಡುತ್ತಿದ್ದೆ.

ಅಪ್ಪ ಆ ಫೋಟೋವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಮುಖ ನೋಡದೆ, "ತೋಳು ನೋಯಲಿಕ್ಕೆ ಹತ್ಯಾವು. ಹಿಡಿ ಇಕೀನ್ನ" ಎಂದು ಮಗಳನ್ನು ನನ್ನ ಕೈಗೆ ಕೊಟ್ಟರು. ಕೊಟ್ಟವರೇ ಬೆನ್ನು ತಿರುಗಿಸಿ, ಪರದೆಯ ಮೇಲಿನ ಅರಮನೆಯ ಮೆಟ್ಟಿಲುಗಳನ್ನು ಪರೀಕ್ಷಿಸತೊಡಗಿದರು.

ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ನನ್ನ ಮುಖವನ್ನೊಮ್ಮೆ ನೋಡಿ ಮೀಸೆಗೆ ಕೈ ಹಾಕಿದಳು. ಧಾರವಾಡದ ವಕೀಲರ ನೆನಪಾಯಿತು. ಅನುಕೂಲವಾಗಲೆಂದು ಮುಖ ಬಗ್ಗಿಸಿದೆ.

ಬಗ್ಗಿಸಿದಾಗ ಕಂಡಿತು, ಮಾಮಾನ ಒಂದು ಕೈ ಬೆನ್ನ ಹಿಂದೆ ಇತ್ತು.

"ಮಾಮಾ, ಗಾಜು ಹಾಕೀಯೇನು?"

"ಇಲ್ಲೋ. ಖಾಲಿ ಅದ."

ಆ ಹೇಳಿಕೆಯನ್ನು ನಾನು ಇವತ್ತಿಗೂ ವಿಚಾರಿಸಲು ಹೋಗಿಲ್ಲ.