ಒಂಟಿ ಆಟಗಾರನ ಮೂವರು ಜೊತೆಗಾರರು

ಗಾಲ್ಫ್ ಕ್ಲಬ್ಬಿನ ಉಪನಿಯಮ ಹದಿನೇಳರ ಪ್ರಕಾರ ಒಬ್ಬನೇ ಆಡಿದ ಆಟ ಆಟವಲ್ಲ. ಅಂಥವನು ಕೋಲು ಹಿಡಿದು ಹುಲ್ಲಿನ ಮೇಲೆ ಓಡಾಡಿದ್ದನ್ನು ಅಲ್ಲಗಳೆಯುವಂತಿಲ್ಲವಾದರೂ, ನಾಲ್ವರ ಹೆಸರಿಲ್ಲದ ಸ್ಕೋರ್ ಕಾರ್ಡಿಗೆ ಮೊಹರು ಬೀಳುವುದಿಲ್ಲ. ಮೊಹರು ಬೀಳದ ಆಟ ನಡೆದೇ ಇಲ್ಲವೆಂದು ಭಾವಿಸತಕ್ಕದ್ದು.

ಒಂಬತ್ತು ವರ್ಷದ ಹಿಂದೆ ಇದನ್ನು ಬರೆದವರು ತೂಕ ಮತ್ತು ಅಳತೆ ಇಲಾಖೆಯಿಂದ ನಿವೃತ್ತರಾದ ಒಬ್ಬ ಅಧಿಕಾರಿ. ‘ಭಾವಿಸತಕ್ಕದ್ದು’ ಎಂಬ ಒಂದು ಪದಕ್ಕಾಗಿ ಎರಡು ಸಭೆಗಳಲ್ಲಿ ಜಗಳವಾಡಿ ಗೆದ್ದಿದ್ದರು. ಅಂದಿನಿಂದ ಕ್ಲಬ್ಬಿನಲ್ಲಿ ಅವರಿಗೆ ಉಪನಿಯಮದ ಸಾಹೇಬರು ಎಂದೇ ಹೆಸರು. ಆ ಹೆಸರಿನಲ್ಲಿ ಗೌರವ ಎಷ್ಟಿದೆಯೆಂದು ತೂಗಿ ನೋಡುವ ತಕ್ಕಡಿ ಇಲಾಖೆಯಲ್ಲೂ ಇರಲಿಲ್ಲವಾದ್ದರಿಂದ, ಅದು ಪೂರ್ತಿ ಗೌರವವೇ ಎಂದು ಅವರು ನಂಬಿದ್ದರು.

ಗಾಲ್ಫಿನಲ್ಲಿ ಹದಿನೆಂಟು ಕುಳಿಗಳಿಗೆ ಚೆಂಡು ಬೀಳಿಸಬೇಕು. ಕಡಿಮೆ ಹೊಡೆತಗಳಲ್ಲಿ ಮುಗಿಸಿದವರು ಗೆದ್ದಂತೆ. ಸಾಹೇಬರು ಜೀವನದಲ್ಲಿ ಯಾವುದನ್ನೂ ಕಡಿಮೆಯಲ್ಲಿ ಮುಗಿಸಿದವರಲ್ಲ. ನಾಲ್ವರು ಆಡಿದರೆ ನಾಲ್ಕನೆಯವರು ಅವರೇ, ಹನ್ನೊಂದು ವರ್ಷದಿಂದ. ಮನೆಯ ಕಪಾಟಿನಲ್ಲಿ ಒಂದು ಡ್ರಾಯರು ತುಂಬ ‘ನಾಲ್ಕನೆಯ ಸ್ಥಾನ’ದ ಕಾರ್ಡುಗಳು. ಮಂಡಿ ಪೂರ್ತಿ ಕೈಕೊಡುವ ಮೊದಲು, ಕೊನೆಯವನಲ್ಲ ಎಂದು ಹೇಳುವ ಒಂದೇ ಒಂದು ಕಾರ್ಡು ಮನೆಗೆ ತರಬೇಕೆಂಬುದು ಅವರ ಆಸೆ. ಒಬ್ಬನೇ ಆಡಿದರೆ ಮೊದಲನೆಯ ಸ್ಥಾನ ಎಲ್ಲಿ ಹೋದೀತು ಎಂಬ ವಿಚಾರ ಒಂದು ಬೆಳಗ್ಗೆ ಹಲ್ಲುಜ್ಜುವಾಗ ಹೊಳೆಯಿತು. ಹದಿನೇಳನೆಯ ಉಪನಿಯಮ ನೆನಪಾಗಲಿಲ್ಲ. ಅದನ್ನು ಅವರು ಬೇರೆಯವರಿಗಾಗಿ ಬರೆದದ್ದು.

ಬುಕಿಂಗ್ ಕೌಂಟರಿನ ಮೇಡಂ ಕನ್ನಡಕದ ಮೇಲಿಂದ ನೋಡಿದರು.

“ಒಬ್ಬರೇನಾ ಸಾರ್? ಹದಿನೇಳು ಅಡ್ಡ ಬರುತ್ತಲ್ಲ.”

“ಅದನ್ನ ಬರೆದೋನೇ ನಾನು ಕಣಮ್ಮ.”

“ಗೊತ್ತು ಸಾರ್. ಅದಕ್ಕೇ ಅಷ್ಟು ಗಟ್ಟಿಯಾಗಿದೆ.”

ಸಾಹೇಬರಿಗೆ ಹೆಮ್ಮೆಯಾಯಿತು. ಹೆಮ್ಮೆ ಮುಗಿದ ಮೇಲೆ ಮುಖ ಹುಳ್ಳಗಾಯಿತು. ಮೇಡಮ್ಮಿಗೆ ಪಾಪ ಎನ್ನಿಸಿರಬೇಕು, ಪುಸ್ತಕ ತೆಗೆದು ಬೆರಳಿಟ್ಟು ಓದಿದರು.

“ನಾಲ್ವರ ಹೆಸರು ಬೇಕು ಅಂತಿದೆ. ನಾಲ್ವರೂ ಬರಬೇಕು ಅಂತ ಇಲ್ಲ ನೋಡಿ. ಗೈರುಹಾಜರಿ ಪಟ್ಟಿಯಿಂದ ಮೂರು ಹೆಸರು ಹಾಕ್ಕೊಡ್ತೀನಿ. ಅವರ ಚೆಂಡನ್ನೂ ನೀವೇ ಹೊಡೀಬೇಕು, ಅಷ್ಟೆ.”

ಹೆಸರು ಬಂದವು. ಸೊಂಟನೋವಿನ ಹಲ್ಲಿನ ಡಾಕ್ಟರು ಒಬ್ಬರು. ಬೇರೆ ಊರಿಗೆ ಹೋಗಿ ನೆಲೆಸಿದ್ದ ವಿಮೆ ಏಜೆಂಟು ಇನ್ನೊಬ್ಬರು. ಮೂರನೆಯವರು ರಸ್ತೆ ಕಂಟ್ರಾಕ್ಟರು.

“ಇವರು ತೀರಿಕೊಂಡು ನಾಲ್ಕು ವರ್ಷ ಆಯ್ತಲ್ಲಮ್ಮ?”

“ಸದಸ್ಯತ್ವ ರದ್ದಾಗೋಕೆ ಸದಸ್ಯರು ಖುದ್ದಾಗಿ ಬಂದು ಸಹಿ ಹಾಕಬೇಕು ಸಾರ್. ಇಪ್ಪತ್ತೆರಡನೇ ಉಪನಿಯಮ. ಅದೂ ನಿಮ್ದೇ.”

“‘ಖುದ್ದಾಗಿ’ ಅನ್ನೋದನ್ನ ನಾನೇ ಸೇರಿಸಿದ್ದು,” ಎಂದರು ಸಾಹೇಬರು ಮೆಲ್ಲಗೆ.

ನಾಲ್ಕು ಬಣ್ಣದ ಚೆಂಡುಗಳೊಂದಿಗೆ ಆಟ ಶುರುವಾಯಿತು. ತಮ್ಮ ಬಿಳಿ ಚೆಂಡಿನ ಮುಂದೆ ಸಾಹೇಬರು ಉಸಿರು ಬಿಗಿಹಿಡಿದು ನಿಂತರು, ಗಾಳಿಯ ದಿಕ್ಕು ನೋಡಿದರು, ಹನ್ನೊಂದು ವರ್ಷದ ಅವಮಾನವನ್ನೆಲ್ಲ ನೆನೆದು ಬೀಸಿದರು. ಚೆಂಡು ಸೀದಾ ನೀರಿನ ಹೊಂಡಕ್ಕೆ ಹೋಯಿತು. ಕಂಟ್ರಾಕ್ಟರರ ಹಳದಿ ಚೆಂಡಿಗೆ ಇಷ್ಟೆಲ್ಲ ಉಪಚಾರ ಬೇಕಿರಲಿಲ್ಲ. ಹೋದರೆ ಹೋಗಲಿ, ನನ್ನದೇನು ಗಂಟು ಎಂದು ಬೀಸಿದರು. ಅದು ಹೊಂಡ ದಾಟಿ, ಮರಳು ದಾಟಿ, ಕುಳಿಯ ಪಕ್ಕದಲ್ಲೇ ಬಿದ್ದು ಕಾಯುತ್ತ ಕೂತಿತು. “ಒಳ್ಳೇ ಹೊಡೆತ,” ಎಂದರು ಸಾಹೇಬರು. ಜೊತೆಗಾರರನ್ನು ಹೊಗಳಬೇಕೆಂಬ ಉಪನಿಯಮವೂ ಇತ್ತು.

ಹನ್ನೊಂದನೆಯ ಕುಳಿಯ ಹತ್ತಿರ ಅವರ ಮನಸ್ಸು ಕೆಟ್ಟಿತು. ಸುತ್ತಮುತ್ತ ಯಾರೂ ಇಲ್ಲ. ಹಳದಿ ಚೆಂಡನ್ನು ಬೇಕೆಂದೇ ಪೊದೆಗೆ ಅಟ್ಟಿದರೆ ಕೇಳುವವರಾದರೂ ಯಾರು? ಕೋಲು ಎತ್ತಿದರು. ಮೂವತ್ತು ವರ್ಷ ಅಂಗಡಿ ತಕ್ಕಡಿಗಳಲ್ಲಿ ಎಳ್ಳಷ್ಟು ಮೋಸ ಕಂಡರೂ ಬಿಡದಿದ್ದ ಕೈ, ಸತ್ತವರಿಗೆ ಮೋಸ ಮಾಡಲು ಒಪ್ಪಲಿಲ್ಲ. ಕಂಟ್ರಾಕ್ಟರು ಆ ಕುಳಿಯನ್ನೂ ಮೂರೇ ಹೊಡೆತದಲ್ಲಿ ಮುಗಿಸಿದರು.

ಮರುದಿನ ಫಲಕದ ಮೇಲೆ ಪ್ರಕಟಣೆ ಅಂಟಿಸಲಾಯಿತು: “ಮಾನ್ಯ ರಸ್ತೆ ಕಂಟ್ರಾಕ್ಟರು ದೀರ್ಘ ವಿರಾಮದ ನಂತರ ಉತ್ತಮ ಆಟಕ್ಕೆ ಮರಳಿ ಮೊದಲ ಸ್ಥಾನ ಪಡೆದಿರುವುದನ್ನು ಸಮಿತಿಯು ಹರ್ಷದಿಂದ ಗಮನಿಸಿದೆ. ಅವರು ಮುಂದಿನ ವಾರ ಹಾಜರಿದ್ದು ಸ್ಥಾನ ಉಳಿಸಿಕೊಳ್ಳತಕ್ಕದ್ದು. ನಾಲ್ಕನೆಯವರಾದ ಉಪನಿಯಮದ ಸಾಹೇಬರಿಗೆ ಸಾಂತ್ವನಗಳು.” ಹಲ್ಲಿನ ಡಾಕ್ಟರು ಫೋನ್ ಮಾಡಿ, ತಮ್ಮನ್ನು ಎರಡನೆಯ ಸ್ಥಾನಕ್ಕೆ ಇಳಿಸಿದ್ದೇಕೆ ಎಂದು ಜೋರು ಮಾಡಿದರು. ಸಾಹೇಬರು ಕ್ಷಮೆ ಕೇಳಿದರು.

“ಯಾರ ಜೊತೆ ಆಡಿದ್ರಿ?” ಎಂದಳು ಹೆಂಡತಿ.

“ಯಾರೂ ಇರಲಿಲ್ಲ. ನಾನೊಬ್ಬನೇ.”

“ಎಷ್ಟನೇವ್ರು?”

“ನಾಲ್ಕನೇ.”

ಅವಳು ಕಾರ್ಡನ್ನು ಡ್ರಾಯರಿಗೆ ತುರುಕಿ, ಮುಚ್ಚದ ಡ್ರಾಯರನ್ನು ಸೊಂಟದಿಂದ ನೂಕಿದಳು. ಆಮೇಲೆ ಹೇಳಿದಳು: “ನೋಡ್ರೀ, ಬೇಜಾರು ಮಾಡ್ಕೋಬೇಡಿ. ಮನೆ ಬದಲಾಯಿಸಿದ ದಿನ ನೀವು ಜ್ವರ ಬಂದು ಮಲಗಿದ್ರಿ. ಒಂದು ಲೋಟಾನೂ ಒಡೀಲಿಲ್ಲ. ಮುಂದಿನ ವಾರ ನೀವು ಇರಬೇಡಿ.”

ಸಾಹೇಬರು ರಾತ್ರಿಯೆಲ್ಲ ಯೋಚಿಸಿದರು. ಮುಂದಿನ ವಾರ ಕೌಂಟರಿಗೆ ಹೋಗಿ, ತಾವು ಈ ದಿನ ಗೈರುಹಾಜರೆಂದು ಅರ್ಜಿ ಕೊಟ್ಟರು. ಅಂಥ ಅರ್ಜಿಯನ್ನು ಖುದ್ದಾಗಿ ಹಾಜರಾಗಿಯೇ ಕೊಡತಕ್ಕದ್ದಾದ್ದರಿಂದ ತೊಂದರೆಯಾಗಲಿಲ್ಲ.

“ಕಂಟ್ರಾಕ್ಟರು ಹಾಜರಿರಬೇಕಲ್ಲ ಸಾರ್?”

“ಅವರ ಪರವಾಗಿ ನಾನಿದೀನಿ.”

“ಒಳ್ಳೇದಾಯ್ತು ಬಿಡಿ,” ಎಂದ ಮೇಡಂ, ಹಾಜರಿ ಕಾಲಮ್ಮಿನಲ್ಲಿ ಕಂಟ್ರಾಕ್ಟರರನ್ನೂ ಗೈರುಹಾಜರಿಯಲ್ಲಿ ಡಾಕ್ಟರು, ಏಜೆಂಟು ಮತ್ತು ಸಾಹೇಬರನ್ನೂ ಬರೆದುಕೊಂಡರು.

ಈ ಸಲ ಭಾರವೆಲ್ಲ ಹಳದಿ ಚೆಂಡಿನ ಮೇಲೆ. ಗೆದ್ದ ಸ್ಥಾನ, ಸಮಿತಿಯ ಹರ್ಷ, ಸತ್ತವರ ಮರ್ಯಾದೆ. ಸಾಹೇಬರು ಉಸಿರು ಬಿಗಿಹಿಡಿದು ಹೊಡೆದರು. ಅದು ಹೊಂಡಕ್ಕೆ ಹೋಯಿತು. ಬಿಳಿ ಚೆಂಡಿನ ಯಜಮಾನರು ಹೇಗೂ ಬಂದಿಲ್ಲ, ಮನೆಯಲ್ಲಿ ಹಾಯಾಗಿರಬೇಕು ಎಂದುಕೊಂಡು ಅದನ್ನು ಸುಮ್ಮನೆ ಬೀಸಿದರು. ಹಕ್ಕಿಯ ಹಾಗೆ ಹೋಯಿತು. ಹದಿನೆಂಟು ಕುಳಿ ಮುಗಿಯುವ ಹೊತ್ತಿಗೆ ಉಪನಿಯಮದ ಸಾಹೇಬರು ಮೊದಲನೆಯವರು, ಕಂಟ್ರಾಕ್ಟರು ನಾಲ್ಕನೆಯವರು.

ಸಾಹೇಬರು ಕೈಚಾಚಿದರು. ಮೇಡಂ ಮೊದಲ ಸ್ಥಾನದ ಕಾರ್ಡಿಗೆ ಮೊಹರು ಹಾಕಿ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

“ಸಾಹೇಬರು ಬಂದಾಗ ಕೊಡ್ತೀನಿ.”

“ನಾನೇ ಅಲ್ವೇನಮ್ಮ?”

“ನೀವಿವತ್ತು ಬಂದಿಲ್ಲವಲ್ಲ ಸಾರ್. ಬಂದಿದ್ದೀರಿ ಅಂತ ಬರೆದರೆ ಈ ಕಾರ್ಡೇ ರದ್ದಾಗುತ್ತೆ.”

ಸಾಹೇಬರು ಎಲ್ಲ ಕಡೆಯಿಂದ ಯೋಚಿಸಿ ನೋಡಿದರು. ನಿಯಮ ಚೆನ್ನಾಗಿತ್ತು. “ಬಂದರೆ ಅವರಿಗೆ ನನ್ನ ಅಭಿನಂದನೆ ತಿಳಿಸಿ,” ಎಂದು ಹೇಳಿ, ಕಂಟ್ರಾಕ್ಟರರ ನಾಲ್ಕನೆಯ ಸ್ಥಾನದ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಹೊರಟರು.

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖದಲ್ಲಿ ಅಂಥ ಸಂತೋಷ ಕಂಡು ವರ್ಷಗಳೇ ಆಗಿದ್ದವು.

“ಕ್ಲಬ್ಬಿಂದ ಫೋನ್ ಬಂದಿತ್ತು ಕಣ್ರೀ. ನೀವು ಮೊದಲನೇವ್ರಂತೆ!”

ಸಾಹೇಬರ ಕಣ್ಣು ತುಂಬಿ ಬಂತು. “ಆ ಹೊತ್ತಲ್ಲಿ ನಾನೂ ಅಲ್ಲಿರಬೇಕಿತ್ತು ಕಣೇ,” ಎಂದರು.

“ನೀವಿದ್ದಿದ್ರೆ ಎಲ್ಲಿ ಗೆಲ್ತಿದ್ರಿ?” ಎಂದಳು ಹೆಂಡತಿ. ಅದು ನ್ಯಾಯವಾದ ಮಾತೇ ಎಂದು ಸಾಹೇಬರಿಗೂ ಅನ್ನಿಸಿ, ಜೇಬಿನ ಕಾರ್ಡು ತೆಗೆದುಕೊಟ್ಟರು. ಅವಳು ಡ್ರಾಯರು ಎಳೆದಳು.