ನಾಲ್ಕು ಗಂಟೆಯವರೆಗೆ ಸತ್ತವನು

ಅಗ್ಯೆಕುಮ್‌ನ ಕಷ್ಟಕ್ಕೆಲ್ಲ ಕಾರಣ ನಾಲ್ಕು ಒಳ್ಳೆಯ ಮಾತು. ಕೆಟ್ಟ ಮಾತಿನಿಂದ ಕೆಟ್ಟವರು ನಮ್ಮ ಕುಮಾಸಿ ಪಟ್ಟಣದಲ್ಲಿ ಬೀದಿಗೆ ಹತ್ತು ಜನ ಸಿಗುತ್ತಾರೆ. ತನ್ನ ಬಗ್ಗೆ ತಾನೇ ಆಡಿಕೊಂಡ ಒಳ್ಳೆಯ ಮಾತಿನಿಂದ ಹಾಳಾದವನು ಮಾತ್ರ ನನಗೆ ಗೊತ್ತಿರುವಂತೆ ಇವನೊಬ್ಬನೇ.

ಅವನು ಶಾಲೆಯ ಬಸ್ಸಿನ ಡ್ರೈವರು. ರಕ್ತದೊತ್ತಡ ಇನ್ನೂರರ ಹತ್ತಿರ ಹೋಗಿದೆ ಎಂದು ತಿಳಿದ ದಿನವೇ ಶಾಲೆಯ ಒಡತಿ ಮೇಡಂ ಕೋನಾಡು ಬಸ್ಸಿನ ಕೀಲಿ ಇಸಿದುಕೊಂಡಿದ್ದರು. "ಎರಡು ವಾರ ರಜೆ ತಗೋ. ಮುಂದಿನ ಶುಕ್ರವಾರ ಅಲ್ಲ, ಅದರ ಮುಂದಿನ ಶುಕ್ರವಾರ ನಾಲ್ಕು ಗಂಟೆಯೊಳಗೆ ಪ್ರೆಶರ್ ಇಳಿದಿದೆ ಅಂತ ಆಸ್ಪತ್ರೆ ಚೀಟಿ ತರ್ಬೇಕು. ಇಲ್ಲಾಂದ್ರೆ ಬೇರೆ ಡ್ರೈವರ್ ನೋಡ್ಕೋತೀನಿ. ನಲವತ್ತು ಮಕ್ಕಳ ಜೀವದ ವಿಷಯ ಕಣಪ್ಪ" ಎಂದಿದ್ದರು. ಬಸ್ಸು ಶಾಲೆಯ ಅಂಗಳದಲ್ಲೇ ನಿಂತಿತು, ಮಕ್ಕಳು ನಡೆದು ಬರತೊಡಗಿದರು. ಹನ್ನೊಂದು ವರ್ಷದ ಕೆಲಸ. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಅದು ಕೈಬಿಟ್ಟರೆ ಇನ್ನೊಂದು ಸ್ಟಿಯರಿಂಗ್ ಹಿಡಿಯಲು ಕೊಡುವ ಪುಣ್ಯಾತ್ಮರು ಯಾರೂ ಇರಲಿಲ್ಲ.

ಆಸ್ಪತ್ರೆಯ ನರ್ಸ್ ಅಡೋಮಾ ಒಳ್ಳೆಯ ಹುಡುಗಿ. ಮಾತ್ರೆ ಕೊಟ್ಟು ಬುದ್ಧಿವಾದವನ್ನೂ ಕೊಟ್ಟಳು. "ಮಾತ್ರೆ ಅರ್ಧ ಕೆಲಸ ಮಾಡುತ್ತೆ, ಉಳಿದರ್ಧ ನೀವು ಮಾಡ್ಬೇಕು. ಉಪ್ಪು ಬಿಡಿ. ಬೆಳಿಗ್ಗೆ ಪುಟ್ಟ ಪುಟ್ಟ ಹೆಜ್ಜೆ ಇಟ್ಕೊಂಡು ಮುಖ್ಯರಸ್ತೆ ತನಕ ಹೋಗಿಬನ್ನಿ. ದುಡಿಮೆ ಎಷ್ಟೋ ವಿಶ್ರಾಂತಿನೂ ಅಷ್ಟಿರಲಿ. ಜಗಳಕ್ಕೆ ಮಾತ್ರ ಹೋಗ್ಬೇಡಿ. ಎಲ್ಲಕ್ಕಿಂತ ಮುಖ್ಯ, ದಿನಾ ಎದ್ದ ಕೂಡ್ಲೆ ನಿಮ್ಮ ಬಗ್ಗೆ ನೀವೇ ಒಳ್ಳೆ ಮಾತು ಹೇಳ್ಕೊಳ್ಳಿ. ಗಟ್ಟಿಯಾಗಿ."

"ನನ್ನ ಬಗ್ಗೆನಾ? ಏನಂತ?"

"ನಿಮ್ಮಲ್ಲಿ ಏನು ಒಳ್ಳೇದಿದೆಯೋ ಅದನ್ನ."

ಅಗ್ಯೆಕುಮ್ ಯೋಚಿಸಿದ. ಹಿಂದಿನ ಬೆಂಚಿನ ರೋಗಿ ಎರಡು ಸಲ ಕೆಮ್ಮುವ ತನಕ ಯೋಚಿಸಿದ. "ಸುಮ್ಸುಮ್ನೆ ಹಾರ್ನ್ ಹೊಡೆಯಲ್ಲ" ಎಂದ ಕೊನೆಗೆ.

ಅಡೋಮಾಳಿಗೆ ಪಾಪ ಅನ್ನಿಸಿತು. "ಬೇರೆ ಯಾರ ಬಗ್ಗೆಯೋ ಬರೀತಿದೀನಿ ಅಂದ್ಕೊಂಡು ಬರೆದು ನೋಡಿ" ಎಂದಳು.

ಬರೆಯಲು ಕೂತರೆ ಪೆನ್ಸಿಲ್ ಮುಂದಕ್ಕೆ ಹೋಗಲಿಲ್ಲ. ಮನುಷ್ಯನನ್ನು ಹೊಗಳುವ ಮಾತು ನಮ್ಮಲ್ಲಿ ಸಿಗುವುದು ಒಂದೇ ಕಡೆ, ಉತ್ತರಕ್ರಿಯೆಯ ದಿನ ಹಂಚುವ ಪುಸ್ತಿಕೆಯಲ್ಲಿ. ಉಸಿರಾಡುವಷ್ಟು ದಿನ ಬೈಸಿಕೊಂಡವನು ಉಸಿರು ನಿಂತ ಮೇಲೆ ಬಣ್ಣದಲ್ಲಿ ಅಚ್ಚಾಗುತ್ತಾನೆ. ಶನಿವಾರ ಶನಿವಾರ ಸಾವಿನ ಮನೆಗೆ ಜನರನ್ನು ಹೊತ್ತ ಡ್ರೈವರನ ಹಾಸಿಗೆಯಡಿ ಅಂಥ ನಲವತ್ತು ಪುಸ್ತಿಕೆ ಇದ್ದವು. ಅಲ್ಲಿಂದ ಒಂದು, ಇಲ್ಲಿಂದ ಒಂದು ಆರಿಸಿ ಬರೆದ: "ಅಗ್ಯೆಕುಮ್ ಮೃದುಭಾಷಿ. ಹತ್ತು ಜನಕ್ಕೆ ನೆರಳಾದ ಹೆಮ್ಮರ. ಅವನ ಕೈಯಲ್ಲಿ ಒಂದು ಮಗುವಿಗೂ ಗಾಯವಾಗಲಿಲ್ಲ. ಅವನು ಈಗ ಶಾಂತಿಯಿಂದ ಇದ್ದಾನೆ." ಕೊನೆಯ ಸಾಲಿನಲ್ಲಿ 'ಮಲಗಿದ್ದಾನೆ' ಎಂದಿದ್ದುದನ್ನು ಮಾತ್ರ 'ಇದ್ದಾನೆ' ಎಂದು ತಿದ್ದಿಕೊಂಡ.

ಕೊನೆಯ ಶುಕ್ರವಾರ ಬಂತು. ಬೆಳಿಗ್ಗೆ ತಾನು ಬರೆದ ಆ ಚೀಟಿ ಓದಿಕೊಂಡು, ಕಿಟಕಿಯ ಮೇಲಿಟ್ಟು, ನಡೆಯಲು ಹೋದ. ಹೆಂಡತಿ ದೂರದ ಟೆಚಿಮಾನ್ ಸಂತೆಯಲ್ಲಿ ಟೊಮೇಟೊ ವ್ಯಾಪಾರಕ್ಕೆ ಕೂತವಳು, ಭಾನುವಾರವೇ ಬರುವುದು. ಹೀಗಾಗಿ ಆ ಚೀಟಿಗೆ ವಠಾರದಲ್ಲಿ ಕಾವಲಿರಲಿಲ್ಲ.

ವಠಾರದ ಕಸ ಮತ್ತು ಸುದ್ದಿ ಎರಡನ್ನೂ ಗುಡಿಸುವವಳು ಪಕ್ಕದ ಕೋಣೆಯ ಸೆರ್ವಾ, ಬಾಳೆಕಾಯಿ ಕರಿದು ಮಾರುವವಳು. ಹದಿನೈದು ದಿನದಿಂದ ಅವನ ಗೊಣಗಾಟ ಅವಳ ಕಿವಿಗೆ ಬೀಳುತ್ತಿತ್ತು. ಮಗು ನಡೆದಂತೆ ಅವನು ರಸ್ತೆಯಲ್ಲಿ ನಡೆಯುವುದನ್ನೂ ಕಂಡಿದ್ದಳು. ಮೊನ್ನೆ ಕಡಲೆಕಾಯಿ ಸಾರು ಕೊಡಲು ಹೋದರೆ, "ನನಗಿನ್ನು ಉಪ್ಪಿನ ಋಣ ಇಲ್ಲಮ್ಮ" ಎಂದು ಹಿಂದಕ್ಕೆ ಕಳಿಸಿದ್ದ. ಈಗ ಚೀಟಿ ಓದಿದವಳೇ ಎದೆ ಬಡಿದುಕೊಂಡಳು.

"ಅಯ್ಯೋ ದೇವರೇ! ತನ್ನ ಸಾವಿಗೆ ತಾನೇ ಬರೆದಿಟ್ಟಿದಾನಲ್ಲೋ!"

ಎದುರು ಕೋಣೆಯ ದರ್ಜಿ ಆಂಟ್ವಿ ಓಡಿ ಬಂದು ಓದಿ, ತಲೆಯ ಟೋಪಿ ತೆಗೆದ. "ಡಾಕ್ಟ್ರು ಕೈಬಿಟ್ಟಿರ್ಬೇಕು" ಎಂದ. ತಿಂಗಳೊಪ್ಪತ್ತು ಎಂದು ಒಬ್ಬರು, ಅಷ್ಟೂ ಇಲ್ಲ ಎಂದು ಇನ್ನೊಬ್ಬರು. ಕುಲದ ಹಿರಿಯ ನಾನಾ ಡೊಮೊಗೆ ಫೋನು ಹೋಯಿತು.

ಅಗ್ಯೆಕುಮ್ ಹಿಂದಿರುಗಿದಾಗ ಸೆರ್ವಾ ಬಕೆಟ್ ಹಿಡಿದು ನಿಂತಿದ್ದಳು. ಬಚ್ಚಲಿನ ಪಾಳಿಗಾಗಿ ಒಂಬತ್ತು ವರ್ಷದಿಂದ ಅವನೊಂದಿಗೆ ಜಗಳವಾಡಿದವಳು. "ಅಣ್ಣಾ, ಮೊದಲು ನೀವು ಹೋಗಿ. ನೀರು ಕಾಯಿಸಿದೀನಿ" ಎಂದಳು. ಯಾರಪ್ಪ ಈ ಅಣ್ಣ ಎಂದು ಅವನು ಹಿಂದೆ ತಿರುಗಿ ನೋಡಿದ. ಸ್ನಾನ ಮುಗಿಸಿ ಬಂದರೆ, ಎರಡು ವರ್ಷದ ಹಿಂದೆ ಒಂದು ದಿನದ ಮಟ್ಟಿಗೆಂದು ಒಯ್ದ ರೇಡಿಯೋವನ್ನು ಆಂಟ್ವಿ ಹೊಸ ಸೆಲ್ ಹಾಕಿ ಬಾಗಿಲಲ್ಲಿಟ್ಟಿದ್ದ. ನರ್ಸಮ್ಮನ ಮಂತ್ರ ಫಲಿಸಿತು ಎಂದುಕೊಂಡ ಅಗ್ಯೆಕುಮ್. ತನ್ನ ಬಗ್ಗೆ ತಾನು ಒಳ್ಳೆಯದು ಹೇಳಿಕೊಂಡರೆ ಲೋಕವೂ ಒಳ್ಳೆಯದಾಗುತ್ತದೆ ಎಂಬುದು ಅಕ್ಷರಶಃ ನಿಜ!

ಹತ್ತು ಗಂಟೆಗೆ ನಾನಾ ಡೊಮೊ ಬಂದರು. ಆರು ವರ್ಷದಿಂದ ಈ ಹೊಸಿಲು ತುಳಿಯದವರು. ಜೊತೆಗೆ ಅಗ್ಯೆಕುಮ್‌ನ ಅಕ್ಕನ ಮಗ ಬೋಟೆಂಗ್ ಮತ್ತು ಒಬ್ಬ ಫೋಟೋಗ್ರಾಫರ್. ನಾನಾ ಮಂಚದ ತುದಿಯಲ್ಲಿ ಕೂತು ಅವನ ಕೈ ಹಿಡಿದರು. "ನೋವು ಜಾಸ್ತಿ ಇದೆಯೇನಪ್ಪ?"

"ಏನೂ ಇಲ್ಲ ನಾನಾ. ಹಗುರ ಅನ್ನಿಸ್ತಿದೆ."

"ಅನ್ನಿಸುತ್ತೆ, ಅನ್ನಿಸುತ್ತೆ" ಎಂದು ನಾನಾ ಕಣ್ಣೊರೆಸಿಕೊಂಡರು. "ಸ್ವಲ್ಪ ಗಲ್ಲ ಎತ್ತು. ಒಂದು ಫೋಟೋ ಇರ್ಲಿ, ನೆನಪಿಗೆ."

ಬೋಟೆಂಗ್ ಮಾತ್ರ ಮಾವನ ಬೂಟಿನ ಪಕ್ಕ ತನ್ನ ಕಾಲಿಟ್ಟು ನೋಡುತ್ತಿದ್ದ.

ಅವರು ಅಂಗಳಕ್ಕೆ ಹೋದ ಮೇಲೆ ಕಿಟಕಿಯಿಂದ ಮಾತು ಒಳಗೆ ಬಂತು.

"ಸಾವಿಗೆ ಉಡೋ ಬಟ್ಟೆ ಕೆಂಪೋ ಕಪ್ಪೋ ನಾನಾ?" ಎಂದ ಬೋಟೆಂಗ್.

"ಐವತ್ತು ತುಂಬದ ಸಾವು, ಕೆಂಪೇ ಇರ್ಲಿ. ಪೆಟ್ಟಿಗೆ ಮಾತ್ರ ಒಳ್ಳೇದು ಬೇಕು, ಹಿತ್ತಾಳೆ ಹಿಡಿಕೆದು. ನಾಲ್ಕು ಜನ ನೋಡೋದು."

"ಬರೆಯೋ ಖರ್ಚು ಉಳೀತು. ಪಾಪ, ತಾನೇ ಎಷ್ಟು ಚೆನ್ನಾಗಿ ಬರೆದಿಟ್ಟಿದಾನೆ!"

ಅಗ್ಯೆಕುಮ್‌ಗೆ ಆಗ ಅರ್ಥವಾಯಿತು. ಧಡಕ್ಕನೆ ಎದ್ದ. ಎದೆ ಫುಫು ಮುದ್ದೆ ಕುಟ್ಟುವ ಒನಕೆಯ ಹಾಗೆ ಹೊಡೆದುಕೊಂಡಿತು. ಹೊರಗೆ ಹೋಗಿ, ನಾನು ಸಾಯುತ್ತಿಲ್ಲ ಕಣ್ರೋ ಎಂದು ಕಿರುಚಬೇಕೆಂದು ಬಾಗಿಲಿಗೆ ಕೈ ಹಾಕಿದವನು ಹಾಗೇ ನಿಂತ. ಕಿರುಚಿದರೆ ಜಗಳ. ಜಗಳವಾದರೆ ಪ್ರೆಶರ್. ಪ್ರೆಶರ್ ಏರಿದರೆ ಚೀಟಿಯಿಲ್ಲ, ಬಸ್ಸಿಲ್ಲ. ಬೆಳಗಿನಿಂದ ಮೈಗೆ ಇಷ್ಟು ಹಿತವಾಗಿದ್ದುದಾದರೂ ಯಾಕೆ? ಇವರೆಲ್ಲ ಅವನು ಸಾಯುತ್ತಾನೆಂದು ನಂಬಿದ್ದಕ್ಕೆ. ನಾಲ್ಕು ಗಂಟೆಯ ತನಕ ಸತ್ತಿರೋಣ, ಆಮೇಲೆ ಬದುಕಿದರಾಯಿತು ಎಂದು ತೀರ್ಮಾನಿಸಿ ಮಂಚಕ್ಕೆ ಹಿಂದಿರುಗಿ ಹೊದ್ದು ಮಲಗಿದ.

ಸತ್ತವನ ಬಾಳು ಸುಖದ್ದು. ಬಂದವರೆಲ್ಲ ಮೆಲ್ಲಗೆ ಮಾತಾಡಿದರು. ಯಾರೂ ಏನನ್ನೂ ಕೇಳಲಿಲ್ಲ. ಮಧ್ಯಾಹ್ನ ಸೆರ್ವಾ ತನ್ನ ಮೊಟ್ಟೆಯಿಡುವ ಕೋಳಿಯನ್ನೇ ಕೊಯ್ದು, ಉಪ್ಪಿಲ್ಲದ ಸಾರು ಮಾಡಿ ತಂದು ಪಕ್ಕದಲ್ಲಿ ಕೂತಳು.

"ಅಣ್ಣಾ, ಒಂದು ಮಾತು. ನನ್ನ ಮಗಳಿಗೆ ಜ್ವರ ನೆತ್ತಿಗೇರಿದಾಗ ನೀವು ಬಸ್ಸಲ್ಲಿ ಹಾಕ್ಕೊಂಡು ಆಸ್ಪತ್ರೆಗೆ ಓಡಿದ್ರಿ. ಅದಕ್ಕೆ ಮೇಡಂ ಹತ್ರ ಬೈಸ್ಕೊಂಡ್ರಿ. ಅವಳು ಇವತ್ತು ಬದುಕಿದಾಳೆ. ನಾನು ಒಂದು ದಿನ ಒಳ್ಳೆ ಮಾತಾಡ್ಲಿಲ್ಲ. ಆಡೋಣ ಅಂತ ಬಾಯಿ ತೆಗೆದ್ರೆ ಬಚ್ಚಲಿನ ವಿಷಯವೇ ಬರೋದು."

ಅಗ್ಯೆಕುಮ್‌ಗೆ ಆ ದಿನ ಮರೆತೇ ಹೋಗಿತ್ತು. ಚೀಟಿಯಲ್ಲಿ ಬರೆದುಕೊಳ್ಳಬಹುದಾಗಿದ್ದ ನಿಜವಾದ ಒಂದು ಮಾತು ಇದು, ಅದೇ ಹೊಳೆದಿರಲಿಲ್ಲ. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದ. ಗೋಡೆಯ ಗಡಿಯಾರ ಒಂದೂವರೆ ತೋರಿಸುತ್ತಿತ್ತು. ಸಾರು ಕುಡಿದು ಸುಮ್ಮನಾದ. ಆಮೇಲೆ ಅತ್ತ. ಅವಳೂ ಅತ್ತಳು. ಅಷ್ಟು ನೆಮ್ಮದಿ ಅವನಿಗೆ ಹುಟ್ಟಿದಾರಭ್ಯ ಸಿಕ್ಕಿರಲಿಲ್ಲ.

ಮೂರು ಗಂಟೆಗೆ, ನರ್ಸಮ್ಮನನ್ನು ಒಮ್ಮೆ ನೋಡಬೇಕು ಎಂದವನನ್ನು ಟ್ಯಾಕ್ಸಿಯಲ್ಲಿ ಮಲಗಿಸಿಕೊಂಡು ಸೆರ್ವಾ, ಆಂಟ್ವಿ ಇಬ್ಬರೂ ಆಸ್ಪತ್ರೆಗೆ ಕರೆತಂದರು. ನಾನಾ ಡೊಮೊ, ಬೋಟೆಂಗ್‌ನನ್ನು ಕರೆದುಕೊಂಡು, ಊರಲ್ಲಿ ಒಂದು ಮುಖ್ಯ ಕೆಲಸವಿದೆ ಎಂದು ಹನ್ನೆರಡಕ್ಕೇ ಹೋಗಿದ್ದರು.

ಅಡೋಮಾ ತೋಳಿಗೆ ಪಟ್ಟಿ ಸುತ್ತಿ ಒತ್ತಿದಳು. ಮತ್ತೆ ಸುತ್ತಿ ಒತ್ತಿದಳು. "ನೂರ ಇಪ್ಪತ್ತೆಂಟು! ಏನು ಮಾಡಿದ್ರಿ?"

"ಏನಿಲ್ಲಮ್ಮ. ಜನ ಚೆನ್ನಾಗಿ ಮಾತಾಡಿಸಿದ್ರು."

"ನೋಡಿದ್ರಾ, ನಾನು ಹೇಳಿರ್ಲಿಲ್ವಾ?" ಎಂದು ಅವಳು ಹೆಮ್ಮೆಯಿಂದ ಚೀಟಿಗೆ ಮೊಹರು ಒತ್ತಿದಳು.

ಹೊರಗಿನ ಬೆಂಚಿನಲ್ಲಿ ಅವರಿಬ್ಬರೂ ಕೈಮುಗಿದು ಪ್ರಾರ್ಥಿಸುತ್ತಿದ್ದರು. ಅವರಿಗೆ ಮುಖ ತೋರಿಸುವ ಧೈರ್ಯ ಸಾಲದೆ ಅಗ್ಯೆಕುಮ್ ಹಿಂಬಾಗಿಲಿನಿಂದ ಜಾರಿಕೊಂಡ. ಪುಟ್ಟ ಹೆಜ್ಜೆಯ ಮಾತು ಅಲ್ಲಿಗೆ ಮುಗಿಯಿತು. ಬಿದ್ದಂಬೀಳ ಓಡಿದ.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಶಾಲೆಯ ಗೇಟು ಸೇರಿದ. ಎರಡು ವಾರದಿಂದ ನಿಂತಿದ್ದ ಬಸ್ಸಿನ ಎಂಜಿನ್ ಗುರುಗುಡುತ್ತಿತ್ತು. ಒಳಗೆ ಮಕ್ಕಳು ತುಂಬಿದ್ದರು. ಮುಂದಿನ ಚಕ್ರದ ಬಳಿ ನೆಲ ಒದ್ದೆಯಾಗಿ ಹೆಂಡದ ವಾಸನೆ ಬರುತ್ತಿತ್ತು. ಡ್ರೈವರನ ಸೀಟಿನಲ್ಲಿ ಬೋಟೆಂಗ್ ಕೂತಿದ್ದ. ಜಗಲಿಯಲ್ಲಿ ನಾನಾ ಡೊಮೊ ಸೋಡಾ ಕುಡಿಯುತ್ತಿದ್ದರು. ಅವರ ಪಕ್ಕ ತಲೆಗೆ ಕಪ್ಪು ಬಟ್ಟೆ ಕಟ್ಟಿದ್ದ ಮೇಡಂ ಕೋನಾಡು ಇವನನ್ನು ಕಂಡವರೇ ಕುರ್ಚಿಯ ಹಿಡಿಕೆ ಗಟ್ಟಿಯಾಗಿ ಹಿಡಿದುಕೊಂಡರು.

"ಅಗ್ಯೆಕುಮ್! ನೀನು ಎದ್ದು ಬರಬಾರದಿತ್ತು!"

"ಮೇಡಂ, ಚೀಟಿ. ನೂರ ಇಪ್ಪತ್ತೆಂಟು. ನನಗೇನೂ ಆಗಿಲ್ಲ ಮೇಡಂ, ಸೋಮವಾರದಿಂದ..."

ಮೇಡಂ ಚೀಟಿ ಓದಿ ನಾನಾ ಕಡೆ ನೋಡಿದರು. "ಕುಲದ ಹಿರಿಯರೇ ಬಂದು ಹೇಳಿದ್ರು, ನಾನು ನಂಬಿದೆ. ನೀನು ಬರೆದಿದ್ದನ್ನ ಇವರೇ ತಂದ್ಕೊಟ್ರು, ಶಾಲೆ ಬಿಡೋ ಹೊತ್ತಿನ ಪ್ರಾರ್ಥನೇಲಿ ಓದಿಸಿದೆ. ಮಕ್ಕಳು ಒಂದು ನಿಮಿಷ ಎದ್ದು ನಿಂತ್ರು. ನಿನ್ನ ಅಳಿಯನಿಗೆ ಕೆಲಸದ ಕಾಗದನೂ ಕೊಟ್ಟಾಯ್ತು. ಅವನಿಗೆ ಪ್ರೆಶರ್ ನೂರ ಹತ್ತೇ ಇರೋದು, ಔಷಧಿ ಅಂಗಡೀಲಿ ನೋಡಿಸ್ಕೊಂಡು ಬಂದಿದಾನೆ."

"ನಾನಾ, ಬದುಕಿರೋವಾಗ್ಲೇ ನನ್ನ ಜಾಗ ಹಂಚಿಬಿಟ್ರಾ?"

"ಕೂಗಬೇಡ, ಪ್ರೆಶರ್ ಏರುತ್ತೆ" ಎಂದರು ನಾನಾ. "ನಮ್ಮ ಕುಲದಲ್ಲಿ ಮಾವನದು ಅಳಿಯನಿಗೆ ಬರೋದು ಇವತ್ತು ನಿನ್ನೆಯದಾ? ಬೇರೆಯವನ ಕೈಗೆ ಹೋಗೋ ಮೊದಲು ಗಟ್ಟಿ ಮಾಡ್ದೆ. ಹೆಂಡ ಎರೆದು, ಅಗ್ಯೆಕುಮ್ ಬರ್ತಿದಾನೆ ಅಂತ ಸತ್ತ ಹಿರಿಯರಿಗೆ ಹೇಳಿನೂ ಆಯ್ತು. ಈಗ ಹೋಗಿ, ಇಲ್ಲ ತಮಾಷೆಗೆ ಹೇಳಿದ್ವಿ ಅನ್ನಕ್ಕಾಗುತ್ತಾ? ಅಲ್ಲ, ನಾವು ಪೆಟ್ಟಿಗೆ, ಬಟ್ಟೆ ಅಂತ ಮಾತಾಡಿದ್ದು ನಿನ್ನ ಕಿಟಕಿ ಕೆಳಗೇ. ನಿನಗೆ ಕೇಳಿಸ್ಲಿಲ್ವಾ?"

ಅಗ್ಯೆಕುಮ್ ತಲೆ ತಗ್ಗಿಸಿದ. "ಕೇಳಿಸ್ತು."

"ಕೇಳಿಸಿಕೊಂಡು ಸುಮ್ನಿದ್ದೆ. ಮೌನಂ ಸಮ್ಮತಿ ಲಕ್ಷಣಂ. ಇನ್ನೇನು ಮಾತು?"

ಅಗ್ಯೆಕುಮ್ ಒಳಗಿಟ್ಟುಕೊಂಡಿದ್ದನ್ನು ಹೊರಹಾಕಿದ. "ನಾನಾ, ಮಾತ್ರೆ ದುಡ್ಡಿಗೆ ಅಂತ ನಿಮ್ಮ ಮನೆಗೆ ಮೂರು ಸಲ ಬಂದೆ. ಕುಲದ ಹತ್ರ ಏನೂ ಇಲ್ಲ ಅಂದ್ರಿ. ಇವತ್ತು ಹಿತ್ತಾಳೆ ಹಿಡಿಕೆ ಪೆಟ್ಟಿಗೆ ಎಲ್ಲಿಂದ ಬಂತು?"

ನಾನಾ ಡೊಮೊಗೆ ನಾಚಿಕೆಯಾಗಲಿಲ್ಲ. ತಿಳಿಯದವನಿಗೆ ತಿಳಿಹೇಳುವಂತೆ ಹೇಳಿದರು: "ಮಾತ್ರೆ ಕೊಟ್ಟರೆ ಯಾರು ನೋಡ್ತಾರೋ?"

ಅಷ್ಟರಲ್ಲಿ ಬಸ್ಸು ಕಿರ್ರೆಂದು ಅರಚಿತು. ಗೋಡೆಗೆ ಮೂತಿ ಮಾಡಿ ನಿಂತಿದ್ದ ಗಾಡಿ, ಹಿಂದಕ್ಕೆ ಬಾರದೆ ಗೇಟಿಗೆ ತಿರುಗುವಂತಿರಲಿಲ್ಲ. ಬೋಟೆಂಗ್ ಗೇರಿನ ಕಡ್ಡಿಯನ್ನು ಹಿಡಿದು ಜಗ್ಗುತ್ತಿದ್ದ. ಎಂಜಿನ್ ಎರಡು ಸಲ ನಿಂತಿತು. ಮೇಡಂ ಮುಖ ಸಣ್ಣಗಾಯಿತು.

"ಮಾವ, ಇದರದು ರಿವರ್ಸ್ ಎಲ್ಲಿದೆ ಮಾವ?"

ಅಗ್ಯೆಕುಮ್‌ಗೆ ಗೊತ್ತಿತ್ತು. ಇಡೀ ಕುಮಾಸಿಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಇನ್ನೈದು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಮೇಡಂ ತಾವಾಗಿಯೇ ಕೀಲಿ ತಂದು ಅವನ ಕೈಗಿಡುತ್ತಿದ್ದರು. ಬೆಳಗಿನಿಂದ ಸುಮ್ಮನಿರುವುದರಲ್ಲಿ ಪಳಗಿಯೂ ಇದ್ದ. ಆದರೆ ಕಿಟಕಿಯಿಂದ ಒಂದನೇ ತರಗತಿಯ ಒಂದು ಹುಡುಗಿ ಇಣುಕಿ, "ಡ್ರೈವರ್ ಮಾಮ, ಎರಡು ವಾರದಿಂದ ನಡೆದು ನಡೆದು ಕಾಲು ನೋಯ್ತಿದೆ" ಎಂದಳು.

ಅವನು ಮೆಟ್ಟಿಲು ಹತ್ತಿ, ಅಳಿಯನ ಭುಜದ ಮೇಲಿನಿಂದ ಕೈ ಚಾಚಿ, ಕಡ್ಡಿಯನ್ನು ಕೊಂಚ ಮೇಲೆತ್ತಿ, ಎಡಕ್ಕೆ ಒತ್ತಿ, ಹಿಂದಕ್ಕೆ ಎಳೆದ. ಗೇರು ಬಿತ್ತು.

"ಮೊದಲು ಎತ್ಬೇಕು. ಆಮೇಲೆ ಒತ್ಬೇಕು. ಬಲವಂತ ಮಾಡ್ಬೇಡ."

"ಸಾಕು ಮಾವ, ಗೊತ್ತಾಯ್ತು, ಇಳೀರಿ" ಎಂದ ಬೋಟೆಂಗ್.

ಬಸ್ಸು ಹಿಂದಕ್ಕೆ ಬಂದು, ತಿರುಗಿ, ಗೇಟು ದಾಟಿ ಹೋಯಿತು. ಅಗ್ಯೆಕುಮ್ ಮೊಹರಿನ ಚೀಟಿ ಹಿಡಿದು ಅಂಗಳದ ನಡುವೆ ನಿಂತಿದ್ದ. ನಾನಾ ಡೊಮೊ ಸೋಡಾ ಮುಗಿಸಿ, ಮೇಡಂ ಕಡೆ ತಿರುಗಿ ತೃಪ್ತಿಯಿಂದ ಹೇಳಿದರು:

"ನಮ್ಮ ಹುಡುಗ ಅದೃಷ್ಟವಂತ ಮೇಡಂ. ಬೇರೆ ವಾರಸುದಾರರಿಗೆಲ್ಲ ಕೇಳಿ ತಿಳ್ಕೊಳ್ಳೋಕೆ ಸತ್ತವನು ಎಲ್ಲಿ ಸಿಗ್ತಾನೆ?"