ಮಂಡಿ ಡಾಕ್ಟರ ಎಡಗೈ

ಆ ದಿನದ ರಾದ್ಧಾಂತಕ್ಕೆಲ್ಲ ಹಾಲು ಕಾಯಿಸುವ ಪಾತ್ರೆಯೇ ಮೂಲ ಎಂದು ಮಂಡಿ ಡಾಕ್ಟರ ಹೆಂಡತಿ ಇವತ್ತಿಗೂ ಹೇಳುತ್ತಾರೆ. ಬೆಳಿಗ್ಗೆ ಎದ್ದು ನೋಡಿದರೆ ಪಾತ್ರೆ ಒಲೆಯ ಮೇಲಿತ್ತು, ಹಾಲು ಮಾತ್ರ ಪೊಟ್ಟಣದಲ್ಲೇ ಇತ್ತು. ಪಾತ್ರೆಯೊಳಗೆ ಬಿಸಿನೀರು, ಬಿಸಿನೀರಿನೊಳಗೆ ಒಂದು ಬಿಳಿ ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ಬಗ್ಗಿ ನಿಂತ ಗಂಡನ ಕನ್ನಡಕದ ತುಂಬ ಹಬೆ.

ಅವರು ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದವರು. ಬಂದವರ ಮಂಡಿ ಮಡಿಸುವುದು, ಮಂಡಿ ಬಿಡಿಸುವುದು, ವರ್ಷಗಟ್ಟಲೆ ಇದೇ ಕೆಲಸ. ಬೀದಿಯವರೆಲ್ಲ ಮಂಡಿ ಡಾಕ್ಟ್ರು ಅಂತಲೇ ಕರೆಯುತ್ತಿದ್ದರು. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಅವರ ಮುಖ ಹುಳ್ಳಗಾಗುತ್ತಿತ್ತು. ಅವರ ಜೀವ ಇದ್ದದ್ದು ಕೈಯಲ್ಲಿ. ಬೆರಳು, ಹೆಬ್ಬೆರಳು, ಮಣಿಕಟ್ಟು. ಅಷ್ಟು ಸಣ್ಣ ಜಾಗದಲ್ಲಿ ಅಷ್ಟೊಂದು ಪುಟ್ಟ ಮೂಳೆಗಳು ಜಗಳವಿಲ್ಲದೆ ಬಾಳುವುದನ್ನು ನೆನೆದರೇ ಅವರಿಗೆ ಮೈಮರೆವು. ಆಸ್ಪತ್ರೆಯಲ್ಲಿ ಹೊಸದಾಗಿ ಕೈ ವಿಭಾಗ ಶುರುವಾಗುವುದಿತ್ತು. ಕೈ ಚಿಕಿತ್ಸೆಯ ತರಬೇತಿ ಪಾಸು ಮಾಡಿದರೆ ಆ ಕೋಣೆ ಅವರದು. ಇಲ್ಲದಿದ್ದರೆ ಮತ್ತೆ ಮಂಡಿ.

ಇವತ್ತು ಅದರ ಕೊನೆಯ ಪ್ರಾಯೋಗಿಕ ಪರೀಕ್ಷೆ. ಪೆಟ್ಟಾದ ಕೈಗೆ ಆಸರೆಯಾಗುವ ಪ್ಲಾಸ್ಟಿಕ್ ಪಟ್ಟಿ, ಅಂದರೆ ಸ್ಪ್ಲಿಂಟು, ಮಾಡಿ ತೋರಿಸಬೇಕು. ಹಾಳೆಯನ್ನು ಬಿಸಿನೀರಿನಲ್ಲಿ ಅದ್ದಿದರೆ ಒದ್ದೆ ಬಟ್ಟೆಯಂತೆ ಮೆತ್ತಗಾಗುತ್ತದೆ. ತೆಗೆದು ಒರೆಸಿ, ಮುಂಗೈಗೆ ಒತ್ತಿ ಹಿಡಿದರೆ ನೋಡನೋಡುತ್ತಿದ್ದಂತೆ ಗಟ್ಟಿಯಾಗುತ್ತದೆ. "ಯಾರೂ ಒಬ್ಬೊಬ್ಬರೇ ಕೂತ್ಕೊಂಡು ಸ್ವಂತ ಕೈಮೇಲೆ ಪ್ರಯೋಗ ಮಾಡ್ಕೋಬೇಡಿ. ಮಾಡಿದ್ದು ಗೊತ್ತಾದ್ರೆ ತರಬೇತಿಯಿಂದ ಹೊರಗೆ" ಎಂದು ತರಬೇತಿ ಕೊಡುವ ಮೇಡಂ ಮೊದಲ ದಿನವೇ ಗುಡುಗಿದ್ದರು. ಆದರೆ ಪರೀಕ್ಷೆಯ ಭಯಕ್ಕೆ ಗುಡುಗು ಕೇಳಿಸುತ್ತದೆಯೇ?

ಹಾಳೆಯನ್ನು ಎಡಗೈಗೆ ಸುತ್ತಿದರು. ಸ್ಪ್ಲಿಂಟು ಒಂದು ಬದಿ ತೆರೆದಿರಬೇಕು, ದೋಣಿಯ ಹಾಗೆ. ಇವರು ಹಾಳೆಯನ್ನು ತುಸು ಅಗಲಕ್ಕೇ ಕತ್ತರಿಸಿದ್ದರು. ಎರಡು ಅಂಚುಗಳು ಬಹಳ ದಿನಕ್ಕೆ ಸಿಕ್ಕ ಅಕ್ಕತಂಗಿಯರಂತೆ ಗಟ್ಟಿಯಾಗಿ ತಬ್ಬಿಕೊಂಡುಬಿಟ್ಟವು. ಬಿಡಿಸಲು ಹೋಗುವಷ್ಟರಲ್ಲಿ ಹಾಳೆ ಗಟ್ಟಿಯಾಯಿತು. ದೋಣಿ ಹೋಗಿ ಕೊಳವೆಯಾಯಿತು, ಕೊಳವೆಯೊಳಗೆ ಡಾಕ್ಟರ ಕೈ ಉಳಿಯಿತು.

"ಮತ್ತೆ ಬಿಸಿನೀರಲ್ಲಿ ಇಟ್ರೆ ಬಿಟ್ಕೊಳ್ಳುತ್ತೆ ಅಲ್ವಾ?" ಎಂದರು ಹೆಂಡತಿ.

"ಕೈ ಬೆಂದೋಗುತ್ತೆ ಕಣೇ!"

"ಹಾಗಾದ್ರೆ ಕತ್ತರಿ?"

ಅಡುಗೆಮನೆಯ ಕತ್ತರಿ ಪ್ಲಾಸ್ಟಿಕ್ಕನ್ನು ಒಂದು ಸಲ ಕಚ್ಚಿ ತಾನೇ ಬಾಯಿ ಸೊಟ್ಟ ಮಾಡಿಕೊಂಡಿತು. ಹೆಂಡತಿ ನಗು ತಡೆಯಲಾರದೆ ಗೋಡೆಗೆ ಒರಗಿದರು. "ನಗು, ನಗು. ತರಬೇತಿ ಕೇಂದ್ರದಲ್ಲಿ ದೊಡ್ಡ ಕತ್ತರಿ ಇದೆ. ಮೇಡಂ ಬರೋದ್ರೊಳಗೆ ಹೋಗಿ ಕತ್ತರಿಸ್ಕೋತೀನಿ" ಎಂದು ಡಾಕ್ಟರು ಬಲಗೈಯಲ್ಲಿ ಚೀಲ ಹಿಡಿದು ಹೊರಟರು.

ಮೆಟ್ಟಿಲಲ್ಲೇ ಎದುರುಮನೆಯ ದೊಡ್ಡಮ್ಮ ಸಿಕ್ಕರು. "ಅಯ್ಯೋ! ಕೈ ಮುರ್ಕೊಂಡ್ಯೇನಪ್ಪಾ?"

ಕೈ ಡಾಕ್ಟರಾಗಲು ಹೊರಟವನು ಕೈಯನ್ನೇ ಕೊಳವೆಯಲ್ಲಿ ಸಿಕ್ಕಿಸಿಕೊಂಡೆ ಎಂದು ಹೇಗೆ ಹೇಳುವುದು? "ಹ್ಞೂಂ ದೊಡ್ಡಮ್ಮಾ, ಸ್ವಲ್ಪ" ಎಂದುಬಿಟ್ಟರು.

"ಸ್ವಲ್ಪ ಮುರಿಯೋದು ಅಂತ ಉಂಟಾ?" ಎನ್ನುತ್ತ ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಇಳಿದು ಬಂದರು. ಇವರು ಕರೆಯದಿದ್ದರೂ ಬರುವವರು, ಕೇಳದಿದ್ದರೂ ಹೇಳುವವರು. ಕೊಳವೆಯನ್ನು ಬೆರಳಿನಿಂದ ಟಕಟಕ ಬಡಿದು ನೋಡಿ, "ಇಷ್ಟು ಬಿಗಿ ಹಾಕಿದ್ದು ಯಾರ್ರೀ? ರಕ್ತ ಓಡಾಡೋದು ಬೇಡ್ವಾ? ಸಂಜೆಯೊಳಗೆ ಇದಕ್ಕೊಂದು ವ್ಯವಸ್ಥೆ ಮಾಡ್ತೀನಿ, ನೀವು ಯೋಚನೆ ಮಾಡ್ಬೇಡಿ" ಎಂದರು. ಮೇಷ್ಟ್ರು ಯೋಚನೆ ಮಾಡಬೇಡಿ ಎಂದಾಗಲೇ ಆ ಕಟ್ಟಡದವರು ಯೋಚನೆ ಶುರುಮಾಡುವುದು. ಡಾಕ್ಟರಿಗೆ ಅಷ್ಟು ಹೊತ್ತಿರಲಿಲ್ಲ.

ಬಸ್ಸು ಹತ್ತಿದ್ದೇ ತಡ, ಮುದುಕಿಯೊಬ್ಬರು ಎದ್ದು ಸೀಟು ಬಿಟ್ಟುಕೊಟ್ಟರು. ಬೇಡ ಎಂದರೆ ಬಿಡಲಿಲ್ಲ. ತಮ್ಮ ತಾಯಿಯ ವಯಸ್ಸಿನವರು ಕಂಬ ಹಿಡಿದು ತೂಗಾಡುವುದನ್ನು ನೋಡುತ್ತ, ಯಾವ ರೋಗವೂ ಇಲ್ಲದ ಡಾಕ್ಟರು ಸೀಟಿನ ಅಂಚಿನಲ್ಲಿ ಕಳ್ಳನ ಹಾಗೆ ಕೂತರು. ಪಕ್ಕದವನು ತನ್ನ ಭಾವಮೈದುನನ ಮುರಿದ ಕೈ ಹೇಗೆ ಸೊಟ್ಟಗೆ ಕೂಡಿಕೊಂಡಿತೆಂದು ಅಭಿನಯಿಸಿ ತೋರಿಸಿದ.

ಇಳಿಯುವ ಜಾಗ ಬಂದಾಗ ಕಂಡಕ್ಟರು ಕೂಗಿದ. "ಕೈ ಮುರಿದೋರು ಇಳೀತಿದಾರೆ, ದಾರಿ ಬಿಡ್ರೀ!" ದಾರಿ ಬಿಡುವ ಬದಲು ಜನ ಸಹಾಯಕ್ಕೆ ನುಗ್ಗಿದರು. ಒಬ್ಬ ಎಡ ಮೊಣಕೈ ಹಿಡಿದ. ಇನ್ನೊಬ್ಬ ಹೆಗಲು ಹಿಡಿದ. ಮತ್ತೊಬ್ಬ "ಕೈ ಜೋಪಾನ, ಕೈ ಜೋಪಾನ" ಎನ್ನುತ್ತ ಹಿಂದಿನಿಂದ ಒತ್ತಿದ. ಅಷ್ಟೊಂದು ಜೋಪಾನದ ನಡುವೆ ಡಾಕ್ಟರ ಕಾಲಿಗೆ ಮೆಟ್ಟಿಲು ಸಿಗಲಿಲ್ಲ. ಚೀಲ ಒಂದು ಕಡೆ ಹಾರಿತು, ಅವರು ಬಲ ಅಂಗೈ ಊರಿಕೊಂಡು ರಸ್ತೆಗೆ ಬಿದ್ದರು.

"ಎಡಗೈ ನೋಡ್ರೀ! ಎಡಗೈ!" ಇಡೀ ಬಸ್ಸೇ ಇಳಿದು ಬಂದಂತಾಯಿತು. ಕೊಳವೆಯನ್ನು ಎಲ್ಲರೂ ತಿರುಗಿಸಿ ಮುರುಗಿಸಿ ನೋಡಿ, ಒಂದು ಗೀರೂ ಬಿದ್ದಿಲ್ಲವೆಂದು ನಿಟ್ಟುಸಿರು ಬಿಟ್ಟರು. "ಸದ್ಯ, ಕೈಗೇನೂ ಆಗ್ಲಿಲ್ಲ" ಎಂದು ಕಂಡಕ್ಟರು ಸೀಟಿ ಊದಿದ. ಡಾಕ್ಟರು ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಚೀಲ ಎತ್ತಿಕೊಂಡು ಓಡಿದರು.

ಆದರೆ ತರಬೇತಿಯಲ್ಲಿ ಅವರ ಬೆಂಚಿನ ಜೊತೆಗಾತಿ ಎದುರಿನ ಪಾದಚಾರಿ ದಾರಿಯಿಂದ ಇದನ್ನೆಲ್ಲ ನೋಡಿದ್ದಳು. ಒಳ್ಳೆಯ ಹುಡುಗಿ. ಬಾಯಿಗೆ ಮಾತ್ರ ಬಾಗಿಲಿಲ್ಲ. ಡಾಕ್ಟರು ಏದುಸಿರು ಬಿಡುತ್ತ ತರಬೇತಿ ಕೇಂದ್ರದೊಳಗೆ ಕಾಲಿಡುವಷ್ಟರಲ್ಲಿ ಅವಳು ಮೇಡಂ ಮುಂದೆ ನಿಂತಿದ್ದಳು. "ಬಸ್ಸಿಂದ ಬಿದ್ಬಿಟ್ರು ಮೇಡಂ, ನಾನೇ ಕಣ್ಣಾರೆ ನೋಡ್ದೆ. ಕೈ ಮುರಿದಿದೆ, ಪಾಪ. ಆದ್ರೂ ಪರೀಕ್ಷೆಗೆ ಬಂದಿದಾರೆ!"

ಮೇಡಂ ಕಣ್ಣಲ್ಲಿ, ಅದುವರೆಗೆ ಯಾರೂ ಕಾಣದಿದ್ದ ಕನಿಕರ ಕಂಡಿತು. "ಬನ್ನಿ, ಕೂತ್ಕೊಳ್ಳಿ. ನೀವು ಪರೀಕ್ಷೆಗೆ ಕೂರೋ ಸ್ಥಿತೀಲಿಲ್ಲ. ಮುಂದಿನ ಸಲ ನೋಡೋಣ. ಆದ್ರೆ ಬಂದಿದ್ದು ಒಳ್ಳೇದೇ ಆಯ್ತು. ಎಲ್ರೂ ಬನ್ರೀ ಇಲ್ಲಿ! ನಿಜವಾದ ಪೇಷೆಂಟ್ ಸಿಕ್ಕಿದಾರೆ."

ಬಿಳಿ ಕೋಟುಗಳು ಮುತ್ತಿಕೊಂಡವು. ಒಬ್ಬ ಎಡಗೈ ಉಗುರು ಒತ್ತಿ ರಕ್ತ ಮರಳುವುದನ್ನು ನೋಡಿದ. ಇನ್ನೊಬ್ಬಳು ಬೆರಳ ತುದಿಗಳನ್ನು ಹತ್ತಿಯಿಂದ ಸವರಿ "ಗೊತ್ತಾಗ್ತಿದ್ಯಾ ಸಾರ್?" ಎಂದು ಕೇಳಿದಳು. ಒಬ್ಬನ ಪ್ರಕಾರ ಎರಡು ಮೂಳೆ ಹೋಗಿದ್ದವು. ಮತ್ತೊಬ್ಬ ನರಕ್ಕೂ ಏಟಾಗಿದೆ ಎಂದ. ಜೊತೆಗಾತಿ ಕಣ್ಣೊರೆಸಿಕೊಂಡಳು.

ಮೇಡಂ ಮಾತ್ರ ಸ್ಪ್ಲಿಂಟನ್ನೇ ನೋಡುತ್ತಿದ್ದರು. ನೋಡುತ್ತ ನೋಡುತ್ತ ಮುಖ ಕೆಂಪಾಯಿತು. "ಇದನ್ನ ಮಾಡಿದ್ದು ಯಾರು?"

"ಅದೂ... ಮನೆ ಹತ್ರ ಒಬ್ರು, ಮೇಡಂ."

"ಅವನಿಗೆ ಕೈ ಅಂದ್ರೇನು ಅಂತ ಗೊತ್ತಾ? ನೀರಿನ ಪೈಪ್ ಹಾಕೋನು ಕೂಡ ಹೀಗೆ ಮಾಡಲ್ಲ! ಕೈ ಊದಿಕೊಂಡ್ರೆ ಜಾಗ ಎಲ್ಲಿದೆ? ಎಲ್ರೂ ನೋಡ್ಕೊಳ್ಳಿ, ದಡ್ಡತನಕ್ಕೆ ಆಕಾರ ಕೊಟ್ರೆ ಹೀಗಿರುತ್ತೆ." ಡಾಕ್ಟರೂ ಎಲ್ಲರ ಜೊತೆ ತಲೆಯಾಡಿಸಿದರು. ಮೇಡಂ ಫೋನು ಕೈಗೆತ್ತಿಕೊಂಡರು. "ಹೆಸರು ಹೇಳಿ. ಇಂಥೋರನ್ನ ಸುಮ್ನೆ ಬಿಡಬಾರ್ದು. ಇವತ್ತೇ ದೂರು ಕೊಡ್ತೀನಿ."

ಹೇಳಿದರೆ ತರಬೇತಿ ಹೋಯಿತು. ಹೇಳದಿದ್ದರೂ ಪರೀಕ್ಷೆ ಹೋಯಿತು.

"ನಾನೇ ಮೇಡಂ" ಎಂದರು ಸಣ್ಣಗೆ. "ಅಡುಗೆಮನೇಲಿ. ಕೈ ಮುರಿದಿಲ್ಲ. ಅಂಟ್ಕೊಂಡಿದೆ, ಅಷ್ಟೇ."

ನರಕ್ಕೆ ಏಟಾಗಿದೆ ಎಂದವನು ಕಿಟಕಿಯಾಚೆ ನೋಡತೊಡಗಿದ. ಮೇಡಂ ಒಮ್ಮೆ ಡಾಕ್ಟರನ್ನೂ ಒಮ್ಮೆ ಕೊಳವೆಯನ್ನೂ ನೋಡಿದರು. ಅವರ ತುಟಿ ಅದುರಿತು. ಆಮೇಲೆ, ಆ ಕೋಣೆಯಲ್ಲಿ ಮೊದಲ ಬಾರಿಗೆ, ಮೇಡಂ ನಕ್ಕರು. ಕನ್ನಡಕ ತೆಗೆದಿಟ್ಟು, ಮೇಜು ಬಡಿದು ನಕ್ಕರು. ಮೇಡಂ ನಕ್ಕ ಮೇಲೆ ಉಳಿದವರನ್ನು ಹಿಡಿಯುವವರು ಯಾರು?

"ಹೊರಗೆ ಹಾಕ್ಬೇಕು ನಿಮ್ಮನ್ನ" ಎನ್ನುತ್ತ ಅವರೇ ದೊಡ್ಡ ಕತ್ತರಿ ತಂದು ಕೊಳವೆಯನ್ನು ಸೀಳಿದರು. "ಇಷ್ಟೊಂದು ಆಸೆ ಇಟ್ಕೊಂಡೋರನ್ನ ಹೇಗೆ ಹಾಕ್ಲಿ? ಹೋಗಿ, ಕೈ ತೊಳ್ಕೊಂಡು ಬನ್ನಿ. ಪರೀಕ್ಷೆಗೆ ಕೂತ್ಕೊಳ್ಳಿ."

ಜೊತೆಗಾತಿ ಕೈ ಚಾಚಿದಳು, ಡಾಕ್ಟರು ಸ್ಪ್ಲಿಂಟು ಮಾಡಿದರು. ಬಲಗೈ ಯಾಕೋ ಹೇಳಿದ ಮಾತು ಕೇಳುತ್ತಿರಲಿಲ್ಲ. ಕತ್ತರಿ ಒತ್ತುವಾಗಲೆಲ್ಲ ಹೆಬ್ಬೆರಳ ಬುಡದಲ್ಲಿ ಚುಳ್ ಎನ್ನುತ್ತಿತ್ತು. ಹೆದರಿಕೆಗೆ ಹೀಗಾಗುತ್ತದೆ ಎಂದು ಹಲ್ಲು ಕಚ್ಚಿಕೊಂಡರು. ಆದರೂ ಆ ಸ್ಪ್ಲಿಂಟು ಎಷ್ಟು ಚೆಂದ ಬಂತೆಂದರೆ, ಹುಡುಗಿ ಬಿಚ್ಚಿ ಕೊಡಲು ಒಪ್ಪಲಿಲ್ಲ. ಮೇಡಂ ಅಂಚುಗಳನ್ನು ಸವರಿ, ಕೋನ ಅಳೆದು, ಒಳಗೆ ಬೆರಳಾಡಿಸಿ ನೋಡಿದರು.

"ಪಾಸು! ಇನ್ಮೇಲೆ ನೀವು ಕೈ ಡಾಕ್ಟ್ರು!" ಎಂದು ಮೇಡಂ ಡಾಕ್ಟರ ಬಲಗೈ ಹಿಡಿದು ಬಲವಾಗಿ ಕುಲುಕಿದರು.

ಡಾಕ್ಟರು ಚಾವಣಿ ಹಾರುವಂತೆ ಕಿರುಚಿದರು.

"ಸಾಕ್ರೀ ನಾಟಕ" ಎಂದರು ಮೇಡಂ ನಗುತ್ತಲೇ. ಆಮೇಲೆ ಬಲಗೈ ನೋಡಿ ನಗು ನಿಲ್ಲಿಸಿದರು. ಮಣಿಕಟ್ಟು ಊದಿ ಹೋಗಿತ್ತು. ಹೆಬ್ಬೆರಳ ಬುಡದ ಗುಳಿಯಲ್ಲಿ ಮೆಲ್ಲಗೆ ಒತ್ತಿದರು. ಮತ್ತೊಂದು ಕಿರುಚು.

"ಯಾವಾಗ ಬಿದ್ರಿ?"

"ಬಸ್ಸಿಂದ ಬಿದ್ದಿದ್ದು ಮಾತ್ರ ನಿಜ, ಮೇಡಂ."

ಕೆಳಗಿನ ಅಂತಸ್ತಿನಲ್ಲಿ ಎಕ್ಸ್‌ರೇ ಆಯಿತು. ಮಣಿಕಟ್ಟಿನ ಪುಟ್ಟ ಮೂಳೆಯೊಂದು ಬಿರುಕು ಬಿಟ್ಟಿತ್ತು. ಕೈಯ ಬಗ್ಗೆಯೇ ಓದಿದವರು ಕೋಣೆ ತುಂಬ ಇದ್ದೂ ಬೆಳಿಗ್ಗೆಯೆಲ್ಲ ಗಟ್ಟಿಮುಟ್ಟಾದ ಕೈಯನ್ನು ಪರೀಕ್ಷಿಸಿದ್ದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮೂಳೆ ಡಾಕ್ಟರು ಹೇಳಿದಂತೆ ಮೇಡಂ ಸ್ವತಃ ನಿಂತು ಬಲಗೈಗೆ ಸ್ಪ್ಲಿಂಟು ಮಾಡಿ ತೊಡಿಸಿದರು. "ಒಂದೂವರೆ ತಿಂಗಳು ಇದನ್ನ ಯಾರೂ ಮುಟ್ಟಬಾರ್ದು. ಕೂಡಿಕೊಳ್ಳೋಕೆ ಬಹಳ ಮೊಂಡು ಮೂಳೆ ಇದು."

ಸಂಜೆ ಮನೆ ಬಾಗಿಲು ತಟ್ಟಿದರು. ಒಳಗೆ ಕಾಫಿ ಕುಡಿಯುತ್ತ ದೊಡ್ಡಮ್ಮನೂ ಮೇಷ್ಟ್ರೂ ಕೂತಿದ್ದರು. ಬೆಳಿಗ್ಗೆ ಸಮಾಧಾನ ಹೇಳಲು ಬಂದ ಅವರು, ಅಳಬೇಕಾದವಳು ಬಿದ್ದು ಬಿದ್ದು ನಗುವುದನ್ನು ಕಂಡು ಗಾಬರಿಯಾಗಿದ್ದರು. ಆಗ ಹೆಂಡತಿ ಹಾಲಿನ ಪಾತ್ರೆಯಿಂದ ಹಿಡಿದು ಎಲ್ಲ ಕತೆಯನ್ನೂ ಹೇಳಿಬಿಟ್ಟಿದ್ದರು.

ಮೂವರೂ ಡಾಕ್ಟರ ಕೈ ನೋಡಿದರು.

"ಬೆಳಿಗ್ಗೆ ಎಡಗೈ ಅಲ್ವಾ?" ಎಂದರು ದೊಡ್ಡಮ್ಮ.

"ಅದು ಬಿಡ್ತು. ಈಗ ಬಲಗೈ. ಇದು ನಿಜವಾಗ್ಲೂ ಮುರಿದಿದೆ."

ಮೂವರೂ ಒಟ್ಟಿಗೆ ನಕ್ಕರು. "ಬೆಳಿಗ್ಗೇನೂ ಹೀಗೇ ಹ್ಞೂಂ ಅಂದ್ಯಲ್ಲಪ್ಪಾ!" ಎಂದರು ದೊಡ್ಡಮ್ಮ.

"ಇದೋ ಎಕ್ಸ್‌ರೇ, ನೋಡೇ!"

ಹೆಂಡತಿ ಅದನ್ನು ಬೆಳಕಿಗೆ ಹಿಡಿದರು. "ಯಾರದ್ದು ತಂದ್ರಿ ಇದು, ಪಾಠಕ್ಕೆ? ಎರಡು ಕೈಗೂ ಅಂಟಿಸ್ಕೊಂಡ್ರಿ, ಸಾಲ್ದಾ? ಮೇಷ್ಟ್ರು ಪಾಪ ನಿಮಗೋಸ್ಕರ ಊರೆಲ್ಲ ಸುತ್ತಿ ಬಂದಿದಾರೆ."

ಮೇಷ್ಟ್ರು ಕುರ್ಚಿಯ ಕೆಳಗಿನಿಂದ ಕಬ್ಬಿಣ ಕೊಯ್ಯುವ ಗರಗಸವನ್ನು ಹೆಮ್ಮೆಯಿಂದ ಹೊರಗೆಳೆದರು. "ಕೊಳಾಯಿ ರಿಪೇರಿಯವನ ಹತ್ರ ಬೇಡಿ ತಂದೆ. ನಾಚ್ಕೋಬೇಡಿ ಡಾಕ್ಟ್ರೇ. ಕೈ ಇಲ್ಲಿ ಮೇಜಿನ ಮೇಲಿಡಿ. ದೊಡ್ಡಮ್ಮಾ, ನೀವು ಮೊಣಕೈ ಹಿಡ್ಕೊಳ್ಳಿ."

ಡಾಕ್ಟರು ಒಂದೇ ನೆಗೆತಕ್ಕೆ ಮಲಗುವ ಕೋಣೆ ಸೇರಿ ಎಡಗೈಯಿಂದ ಚಿಲಕ ಹಾಕಿಕೊಂಡರು. "ಮುಟ್ಬೇಡಿ! ಮೊಂಡು ಮೂಳೆ ಅದು!" ಎಂದು ಒಳಗಿನಿಂದ ಕೂಗಿದರು.

"ಪಾಪ, ಅವಮಾನ ಆಗಿದೆ ಅವನಿಗೆ" ಎಂದು ದೊಡ್ಡಮ್ಮ ಕರಗಿ ನುಡಿದದ್ದು ಕೇಳಿಸಿತು. "ಹೀಗೇ ಬಿಟ್ರೆ ಕೈ ಊದಿಕೊಳ್ಳುತ್ತೆ. ಏನಾದ್ರೂ ಮಾಡಿ ಮೇಷ್ಟ್ರೇ."

"ನೀವು ಯೋಚನೆ ಮಾಡ್ಬೇಡಿ" ಎಂದರು ಮೇಷ್ಟ್ರು.

ಕೋಣೆಯೊಳಗೆ ಡಾಕ್ಟರು ಬಲಗೈಯನ್ನು ಎದೆಗವಚಿಕೊಂಡು ಮಂಚದ ಮೇಲೆ ಕೂತರು. ಆಮೇಲೆ ಬಾಗಿಲ ಸಂದಿಯಿಂದ ಗರಗಸದ ಹಲ್ಲುಗಳು ಒಳಗಿಣುಕಿ ಚಿಲಕವನ್ನು ಕೊಯ್ಯತೊಡಗಿದವು.